ಬಾರದ ಭಾವನ ಬೈಗುಳ

ಅಕ್ಟೋಬರ್ ೩, ಸೋಮವಾರ

ಇಲಾಖೆ ಎರಡು ನೋಟ್‌ಪುಸ್ತಕ ಕೊಟ್ಟಿದೆ. ಒಂದು ನೀರಾನೆಗಳ ಲೆಕ್ಕಕ್ಕೆ. ಇನ್ನೊಂದು, ಮೊದಲನೆಯದು ಹೊಳೆಗೆ ಬಿದ್ದರೆ ಇರಲಿ ಅಂತ. ಹನ್ನೊಂದು ವರ್ಷದಲ್ಲಿ ಒಂದೂ ಬಿದ್ದಿಲ್ಲ. ಹಾಗಾಗಿ ಎರಡನೆಯದು ನನ್ನದು. ಹಿಂದೆಲ್ಲ ಇದರಲ್ಲಿ ಒಂದಕ್ಷರ ಬರೆಯಲೂ ಪುರುಸೊತ್ತು ಸಿಗುತ್ತಿರಲಿಲ್ಲ.

ಲುವಾಂಗ್ವಾ ಹೊಳೆ ಈ ಸಲ ಬೇಗ ಬಡವಾಗಿದೆ. ಮಳೆಗಾಲದಲ್ಲಿ ಊರು ನುಂಗುತ್ತೇನೆ ಎಂದು ಬಂದ ಹೊಳೆ ಈಗ ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಮಡು ಬಿಟ್ಟು ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಿದೆ. ನೀರು ಇಳಿದಷ್ಟೂ ನೀರಾನೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಎಣಿಕೆಗೆ ಇದೇ ಹೊತ್ತು.

ಮೊದಲ ಡೇರೆ ಹುಣಸೆಮರದ ಕೆಳಗೆ. ಹಗಲು ದಂಡೆ ಹಿಡಿದು ನಡೆಯುವುದು, ಎಣಿಸುವುದು. ಪಿಕಪ್ ಗಾಡಿ ಡೇರೆ, ಪಾತ್ರೆ ಹೊತ್ತು ಮುಂದಿನ ಜಾಗಕ್ಕೆ ಹೋಗಿರುತ್ತದೆ. ಅದರ ಚಾಲಕನನ್ನು ಬಿಟ್ಟರೆ ನಾವು ಮೂವರು. ಲೆಕ್ಕ ಬರೆಯುವವನು ನಾನು. ಕೋವಿ ಹಿಡಿದು ನನ್ನನ್ನು ಕಾಯುತ್ತ, ಜೊತೆಗೆ ತಾನೂ ಎಣಿಸುವವನು ಚಿಲೆಕ್ವಾ. ಅಡುಗೆಗೆ ಮೈಲೆಸಿ. ಅವಳು ಕುಂಡಾ ಜನದವಳು, ಈ ದಂಡೆಯಲ್ಲೇ ಹುಟ್ಟಿದವಳು. ನಮ್ಮಿಬ್ಬರಿಗಿಂತ ಹತ್ತು ವರ್ಷ ಹಿರಿಯಳು, ಇಪ್ಪತ್ತು ವರ್ಷ ಜೋರು.

ಚಿಲೆಕ್ವಾ ಆಚೆ ದಡದ ಕಾವಲು ಠಾಣೆಯಿಂದ ಬೆಳಿಗ್ಗೆಯೇ ಬಂದಿದ್ದ. ಫೆಬ್ರವರಿಯಿಂದೀಚೆಗೆ ನಾವು ಎದುರಾದದ್ದು ಇದೇ ಮೊದಲು. ಮೊಣಕಾಲು ಬಗ್ಗಿಸಿ, ಎರಡು ಕೈ ಸೇರಿಸಿ ಮೆಲ್ಲಗೆ ತಟ್ಟಿ, "ಚೆನ್ನಾಗಿದ್ದೀರಾ ಶಾವಾ ಅವರೇ?" ಎಂದ.

ಅವರೇ!

ನಾನು ಎಂಗೋನಿ ಜನದವನು, ಅವನು ಬೆಂಬಾ ಜನದವನು. ನಮ್ಮ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿದರು. ಸುಸ್ತಾದ ಮೇಲೆ, ಇನ್ನು ಬಾಯಲ್ಲೇ ಹೊಡೆದಾಡೋಣ ಎಂದು ಮಾತಾಯಿತು. ಅದಕ್ಕೇ ಚಿಂಬುಯಾ ಅನ್ನುವುದು. ಅಂದಿನಿಂದ ಎಂಗೋನಿ, ಬೆಂಬಾ ಎಲ್ಲಿ ಸಿಕ್ಕರೂ ಭಾವ-ಭಾವ. ಬೈಯದಿದ್ದರೆ ತಪ್ಪು, ಬೈಸಿಕೊಂಡು ಸಿಟ್ಟಾದರೆ ಇನ್ನೂ ದೊಡ್ಡ ತಪ್ಪು. ನಾವು ಇಲಿ ತಿನ್ನುತ್ತೇವೆ ಎಂದು ಅವರು ಹಂಗಿಸಬೇಕು, ಅವರು ಕೋತಿ ತಿನ್ನುತ್ತಾರೆ ಎಂದು ನಾವು. ಹೋದ ವರ್ಷ ಇದೇ ಮರದ ಕೆಳಗೆ ಅವನು ಹೇಳಿದ ಮೊದಲ ಮಾತು: "ಲೋ ಇಲಿತಿಂದೋನೆ, ಇನ್ನೂ ಬದುಕಿದ್ದೀಯಾ? ನಿಮ್ಮೂರ ಬೆಕ್ಕುಗಳಿಗೆ ಏನಾದ್ರೂ ಉಳಿಸಿದ್ದೀಯೋ ಇಲ್ವೋ?" ನಾನು, "ಕೋತಿತಿಂದೋನೆ, ನಿಮ್ಮ ಚಿಕ್ಕಪ್ಪ ಮೇಲಿನ ಕೊಂಬೇಲಿ ಕೂತಿದಾನೆ, ಮೊದಲು ಅವನಿಗೆ ನಮಸ್ಕಾರ ಮಾಡು" ಎಂದಿದ್ದೆ.

ಇವತ್ತು ನಾನೂ, "ಚೆನ್ನಾಗಿದ್ದೇನೆ. ತಾವು?" ಎಂದೆ.

ನ್ಶಿಮಾ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮೈಲೆಸಿ ಹಿಟ್ಟು ಸರಿಯಾಗಿ ಬೇಯಿಸಿಲ್ಲ.

ಅಕ್ಟೋಬರ್ ೪, ಮಂಗಳವಾರ

ಒಂದು ಮಡುವಿಗೆ ಮೂರು ಎಣಿಕೆ. ಇಬ್ಬರೂ ಬೇರೆ ಬೇರೆ, ತುಟಿ ಬಿಚ್ಚದೆ. ಒಂದು ಏಳುವಾಗ ಇನ್ನೊಂದು ಮುಳುಗುತ್ತದೆ, ಮರಿ ತಾಯಿಯ ಬೆನ್ನ ಹಿಂದೆ ಅಡಗುತ್ತದೆ.

ಕಿವಿ ಕಂಡರೆ ಕಣ್ಣಿಲ್ಲ, ಕಣ್ಣು ಕಂಡರೆ ಕಿವಿಯಿಲ್ಲ,
ಇಷ್ಟು ದಪ್ಪ ಪ್ರಾಣಿಗೆ ಇಷ್ಟಾದರೂ ದಯೆಯಿಲ್ಲ.

ಎಣಿಸಿದ ಮೇಲೆ ಇಬ್ಬರ ಲೆಕ್ಕವನ್ನೂ ಎದುರಿಟ್ಟು ಜಗಳ. ಜಗಳದಲ್ಲಿ ಉಳಿದ ಸಂಖ್ಯೆ ಪುಸ್ತಕಕ್ಕೆ. ಇಡೀ ಹೊಳೆಯಲ್ಲಿ ನಮ್ಮ ಭಾಗದ ಲೆಕ್ಕವೇ ಅಚ್ಚುಕಟ್ಟು ಎಂದು ಮೇಲಿನವರು ಹೊಗಳುತ್ತಾರೆ. ಅದಕ್ಕೆ ಕಾರಣ ನಮ್ಮ ಜಾಣತನವಲ್ಲ, ಜಗಳಗಂಟತನ.

ಇವತ್ತು ಮೊದಲ ಮಡುವಿನಲ್ಲಿ ನಾನು, "ಮೂವತ್ತೆಂಟು" ಎಂದೆ. "ಸರಿ ಶಾವಾ ಅವರೇ, ಮೂವತ್ತೆಂಟೇ" ಎಂದ. ಎಂಟು ಮಡು, ಎಂಟು 'ಸರಿ'. ಹತ್ತೂವರೆಗೆಲ್ಲ ಕೆಲಸ ಮುಗಿಯಿತು. ಹೋದ ವರ್ಷ ಇಷ್ಟಕ್ಕೆ ಸಂಜೆ ನಾಲ್ಕಾಗಿತ್ತು.

ಒಳ್ಳೆಯದೇ. ಉಳಿದ ಹೊತ್ತು ಹೊಳೆ ನೋಡುತ್ತ ಕೂತೆ. ಎದುರು ದಂಡೆಗೆ ಪುಕು ಜಿಂಕೆಗಳು ಒಂದೊಂದಾಗಿ ನೀರಿಗೆ ಬಂದವು, ಒಂದೊಂದಾಗಿ ಹೋದವು. ನಲವತ್ತೊಂದು. ಅವನ್ನು ಎಣಿಸು ಎಂದು ಯಾರೂ ಹೇಳಿರಲಿಲ್ಲ.

ಅಕ್ಟೋಬರ್ ೫, ಬುಧವಾರ

ಅಕ್ಟೋಬರಿನ ಬಿಸಿಲು, ಬಂಡೆಗೂ ಮೇಲುಸಿರು.

ನೀರಾನೆ ೧೨೨. ಮಾತು ೬. ಅದರಲ್ಲಿ ನಾಲ್ಕು 'ಸರಿ'.

ಅಕ್ಟೋಬರ್ ೬, ಗುರುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಒಂದು ಗಡವ ಬಬೂನ್ ಕೋತಿ ಬಂದು, ಚಿಲೆಕ್ವಾನಿಗೆ ಎರಡು ಮಾರು ದೂರದಲ್ಲಿ, ಕಾಲು ಚಾಚಿ ಕೂತು ಅವನನ್ನೇ ನೋಡತೊಡಗಿತು. ಅವನು ಕತ್ತು ಕೆರೆದುಕೊಂಡ. ಅದೂ ಕೆರೆದುಕೊಂಡಿತು. ಅವನು ಮುದ್ದೆ ಮುರಿದು ಬಾಯಿಗಿಟ್ಟ. ಅದು ತನ್ನ ಖಾಲಿ ಬಾಯಿ ಆಡಿಸಿತು.

ಹನ್ನೊಂದು ವರ್ಷದಲ್ಲಿ ದೇವರು ಇಷ್ಟು ಚೆನ್ನಾಗಿ ಹಣ್ಣಾದ ಮಾತನ್ನು ನನ್ನ ಕೈಗೆ ಉದುರಿಸಿರಲಿಲ್ಲ. ಮೈಲೆಸಿ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಚಿಲೆಕ್ವಾ ತಟ್ಟೆ ನೋಡಿದ.

ನಾನು ಉಪ್ಪು ಕೇಳಿದೆ.

ಬರೆದೇ ಬಿಡುತ್ತೇನೆ, ಆಮೇಲೆ ಮರೆತೂ ಬಿಡಬಹುದು. ಎಂಗೋನಿಯ ಮನೆಯಲ್ಲಿ ಸಾವಾದರೆ ಬೆಂಬಾದವನು ಬರಬೇಕು. ಅಳುವವರ ನಡುವೆ ನಿಂತು ಸತ್ತವರನ್ನೂ ಉಳಿದವರನ್ನೂ ಹಂಗಿಸಬೇಕು. ಗಂಟಲು ಕಟ್ಟಿಕೊಂಡವರನ್ನು ನಗಿಸಿ ಗಂಟು ಬಿಚ್ಚಬೇಕು. ಆಮೇಲೆ ಗುದ್ದಲಿ ಹಿಡಿಯಬೇಕು. ಅದು ಉಪಕಾರವಲ್ಲ, ಅವನ ಪಾಲಿನ ಕೆಲಸ. ಅವನ ತಂದೆ ತೀರಿಕೊಂಡಾಗ ನಾನು ಎರಡು ದಿನ ಲಾರಿಯಲ್ಲಿ ಕುಲುಕಿಕೊಂಡು ಹೋಗಿ, ಅಂಗಳದಲ್ಲಿ ನಿಂತು, "ಮುದುಕ ಕೊನೆಗೂ ಕೊಂಬೆಯಿಂದ ಜಾರಿದ್ನಾ!" ಎಂದು ಕೂಗಿದ್ದೆ. ಅವನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕ ಮೇಲೆ ಹೊಟ್ಟೆತುಂಬ ಅತ್ತರು. ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ.

ಫೆಬ್ರವರಿಯಲ್ಲಿ ನನ್ನ ಮನೆಯಲ್ಲಿ ಸಾವಾಯಿತು. ಮೂರೇ ದಿನದ ಜ್ವರ. ಎಲ್ಲರೂ ಬಂದರು, ಎಲ್ಲರೂ ಒಳ್ಳೆಯ ಮಾತಾಡಿದರು. ಒಳ್ಳೆಯ ಮಾತನ್ನು ಇಟ್ಟುಕೊಂಡು ಏನು ಮಾಡುವುದು? ಅವನೊಬ್ಬ ಬರಲಿಲ್ಲ. ಸುದ್ದಿ ಮುಟ್ಟಲಿಲ್ಲ ಅನ್ನುವಂತಿಲ್ಲ, ಠಾಣೆಯ ವೈರ್‌ಲೆಸ್‌ನಲ್ಲಿ ನಾನೇ ಅವನಿಗೆ ಹೇಳಿದ್ದೆ. ಬಂದಿದ್ದರೆ ನಾನು ನಗುತ್ತಿದ್ದೆ. ನಕ್ಕಿದ್ದರೆ ಅಳುತ್ತಿದ್ದೆ. ಎರಡೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಆಯಿತು. ಬರೆದಾಯಿತು.

ಅಕ್ಟೋಬರ್ ೮, ಶನಿವಾರ

ಇವತ್ತು ಒಂದು ಕೆಟ್ಟ ಕೆಲಸ ಮಾಡಿದೆ.

ಹನ್ನೊಂದು ಗಂಟೆಗೆ ಸಿಕ್ಕಿದ್ದು ಬತ್ತಿದ ಮಡು. ಮೊಣಕಾಲುದ್ದ ನೀರು, ಉಳಿದದ್ದು ಕೆಸರು. ಕೆಸರಿನ ಮೇಲೆ ಒಂದು ಮುದಿ ಮೊಸಳೆ, ಮೊಸಳೆಯ ಪಕ್ಕದಲ್ಲಿ ಒಂದು ಬೆಳ್ಳಕ್ಕಿ. ನೀರಾನೆಯ ವಾಸನೆಯೂ ಇಲ್ಲ. ಆದರೂ ರೂಢಿಯಂತೆ ಇಬ್ಬರೂ ದಂಡೆಯಲ್ಲಿ ಕೂತೆವು. ಮೂರು ಎಣಿಕೆಯಷ್ಟು ಹೊತ್ತು ಕಳೆಯಲು ಬಿಟ್ಟು, ನಾನು ಪುಸ್ತಕ ತೆರೆದು, "ಹದಿನೇಳು" ಎಂದೆ.

ಚಿಲೆಕ್ವಾ ಮೊಸಳೆಯನ್ನು ನೋಡಿದ. ಬೆಳ್ಳಕ್ಕಿಯನ್ನು ನೋಡಿದ.

"ಸರಿ ಶಾವಾ ಅವರೇ."

"ಹದಿನೇಳು ನೀರಾನೆ."

"ಹೌದು. ಹದಿನೇಳು."

"ಮರಿ ಎಷ್ಟು?"

"ತಾವು ಹೇಳಿದಷ್ಟು."

ಪುಸ್ತಕ ಬೀಸಿ ಒಗೆದೆ. ಕೆಸರಿಗೆ ಬಿತ್ತು. ಬೆಳ್ಳಕ್ಕಿ ಹಾರಿತು, ಮೊಸಳೆ ಒಂದು ಕಣ್ಣು ತೆರೆದು ನೋಡಿ ಮುಚ್ಚಿತು.

"ಐದು ದಿನದಿಂದ ಹೀಗೇನಾ? ನಿಮ್ಮ ಲೆಕ್ಕ ಬೇರೆ ಇತ್ತಾ?"

"ಇತ್ತು."

"ಎಲ್ಲಾ ಮಡೂಲೂ?"

"ಬಹಳಷ್ಟು ಕಡೆ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ರಿ?"

ಅವನು ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ: "ಜಗಳ ಆಡೋದು ಭಾವಂದಿರ ಹಕ್ಕು. ಬಾರದವನಿಗೆ ಬಾಯಿಲ್ಲ ಅಂತ ನಮ್ಮಜ್ಜಿ ಹೇಳೋಳು. ಸಾವಿನ ಮನೇಲಿ ಬೈಯೋಕೆ ಬಾರದೋನು ಬೇರೆ ಕಡೆ ಹೇಗೆ ಬೈತಾನೆ?"

"ಯಾಕೆ ಬರಲಿಲ್ಲ?"

"ಅದೊಂದು ಕೇಳಬೇಡಿ."

ಅವನೇ ಕೆಸರಿಗಿಳಿದು ಪುಸ್ತಕ ತಂದುಕೊಟ್ಟ. ತನ್ನ ಅಂಗಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು. ಮರ್ಯಾದೆ ಮಾತು ಮೂರು ಮಾರು ದೂರವೇ ಕೂತಿತು. ಒಳಗಿನ ಹಾಳೆಯೆಲ್ಲ ಕಲಸಿಹೋಗಿತ್ತು. ಕಲಸದಿದ್ದರೂ ಅಷ್ಟೇ ಬೆಲೆ.

ಅಕ್ಟೋಬರ್ ೯, ಭಾನುವಾರ

ಮೈಲೆಸಿ ಒಣಮೀನಿನ ತಲೆ ಕೀಳುತ್ತ ಕೂತಿದ್ದಳು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಒಂದೊಂದು ಮಾತಿಗೆ ಒಂದೊಂದು ತಲೆ ಕಿತ್ತಳು.

"ಐದು ದಿನ ನಾನು ಬೇಯಿಸಿದ್ದು ತಿಂದು ಇದೇನಾ ಮಾಡಿದ್ದು? ಇವನು ಏನೋ ಬರ್ಕೊಂಡ, ಅವನು ಅದಕ್ಕೆ ತಲೆ ಆಡಿಸ್ದ. ಪಾಪ ನೀರಾನೆ, ನಿಮ್ಮಿಬ್ಬರಿಗೋಸ್ಕರ ಬಿಸಿಲಲ್ಲಿ ಎದ್ದು ಎದ್ದು ಮುಖ ತೋರಿಸಿದ್ದೇ ಬಂತು. ನಡೀರಿ ಹಿಂದಕ್ಕೆ. ಮೊದಲನೇ ಮಡುವಿಂದ."

"ಹಿಟ್ಟು ಸಾಲುತ್ತಾ ಅಕ್ಕ?" ಎಂದು ಚಿಲೆಕ್ವಾ ಕೇಳಿದ.

"ನೀನೊಬ್ಬನೇ ತಾನೇ ತಿನ್ನೋದು? ಈ ಶಾವಾ ತಟ್ಟೇಲಿ ಬೆರಳಾಡಿಸಿ ಎದ್ದು ಹೋಗ್ತಾನೆ. ಅವನ ಬೆಲ್ಟ್ ನೋಡು, ಮಳೆಗಾಲದಿಂದ ಮೂರು ತೂತು ಹೊಸದಾಗಿ ಕೊರೆದಿದಾನೆ."

ಬೆಲ್ಟ್ ಹಳೆಯದು, ಹಿಗ್ಗಿದೆ.

ಪಿಕಪ್ಪಿನ ಚಾಲಕ ಗೊಣಗಿದ. ಮೈಲೆಸಿ ಅವನ ಕಡೆಗೂ ಒಂದು ಮೀನು ಎತ್ತಿದಳು. ಗೊಣಗುವುದು ನಿಲ್ಲಿಸಿ ಗಾಡಿ ತಿರುಗಿಸಿದ.

ಅಕ್ಟೋಬರ್ ೧೦, ಸೋಮವಾರ

ಇವತ್ತು ಅಕ್ಷರ ಸೊಟ್ಟ.

ನೀರಾನೆಗಳು ರಾತ್ರಿ ಮೇಯಲು ಹೋಗಿ ಬೆಳಗಾಗುವ ಮೊದಲು ನೀರಿಗೆ ಮರಳುತ್ತವೆ. ನೂರಾರು ವರ್ಷ ನಡೆದು ನಡೆದು ದಂಡೆಯಲ್ಲಿ ಓಣಿಯ ಹಾಗೆ ಕೊರೆದ ದಾರಿ ಅವುಗಳದು. ಹೊತ್ತು ಚೆನ್ನಾಗಿ ಏರುವವರೆಗೆ ಆ ಓಣಿಗೆ ಇಳಿಯಬಾರದು. ಹೊಸ ಕಾವಲುಗಾರರಿಗೆ ನಾನೇ ಕಲಿಸುವ ಮೊದಲ ಪಾಠ ಇದು. ಇವತ್ತು ನಾನೇ ಇಳಿದೆ. ತಲೆಯಲ್ಲಿ ಬೇರೆ ಏನೋ ಇತ್ತು. ಚಿಲೆಕ್ವಾ ಮೇಲೆ, ದಿಬ್ಬದ ಅಂಚಿನಲ್ಲಿ ಬರುತ್ತಿದ್ದ.

ಹಿಂದಿನಿಂದ ನೆಲ ಗುದ್ದುವ ಸದ್ದು. ತಡವಾಗಿ ಮನೆಗೆ ಹೊರಟ ಒಂಟಿ ಗಂಡು, ಅದರ ಮನೆಯ ದಾರಿಯಲ್ಲಿ ನಾನು. ಎಡಕ್ಕೂ ಗೋಡೆ, ಬಲಕ್ಕೂ ಗೋಡೆ.

"ಲೋ ಇಲಿತಿಂದೋನೆ! ಬಲಕ್ಕೆ ಹತ್ತೋ! ಬಲಕ್ಕೆ! ಬೇರು ಹಿಡ್ಕೊಳೋ ದರಿದ್ರದವನೆ, ಬಿಲ ಹುಡುಕ್ತಾ ನಿಂತಿದ್ದೀಯಾ!"

ಬೇರು ಸಿಕ್ಕಿತು. ಮೇಲಿಂದ ಅವನು ನನ್ನ ಕಾಲರ್ ಹಿಡಿದು ಎಳೆದ. ನನ್ನ ಬೂಟಿನ ಕೆಳಗೆ ಆ ಪ್ರಾಣಿ ಬಸ್ಸು ಹಾದಂತೆ ಹಾದು, ಹೊಳೆಗೆ ಬಿದ್ದು, ನೀರನ್ನೆಲ್ಲ ನಮ್ಮ ಮೇಲೆ ಎರಚಿತು. ಇಬ್ಬರೂ ಅಂಗಾತ ಬಿದ್ದಿದ್ದೆವು.

ಚಿಲೆಕ್ವಾ ಎದ್ದು ಕೂತು ಟೊಪ್ಪಿ ಸರಿಮಾಡಿಕೊಂಡು ಹೇಳಿದ: "ಕ್ಷಮಿಸಿ ಶಾವಾ ಅವರೇ. ಬಾಯಿ ತಪ್ಪಿತು."

ಇಲಿತಿಂದೋನೆ ಅಂದ. ದರಿದ್ರದವನೆ ಅಂದ. ಬಿಲ ಹುಡುಕ್ತಾ ಅಂತಲೂ ಅಂದ.

ಮೈಲೆಸಿ ಇವತ್ತು ನ್ಶಿಮಾ ತೀರ ಕಡಿಮೆ ಮಾಡಿದ್ದಳು. ಮೂರು ಸಲ ಕೇಳಿ ಹಾಕಿಸಿಕೊಳ್ಳಬೇಕಾಯಿತು. ಜಿಪುಣಿ.

ಅಕ್ಟೋಬರ್ ೧೨, ಬುಧವಾರ

ಈಗ ಅವನು ತನ್ನ ಲೆಕ್ಕ ಹೇಳುತ್ತಾನೆ. "ನನ್ನದು ನಲವತ್ನಾಲ್ಕು. ತಪ್ಪಿದ್ದರೆ ಕ್ಷಮಿಸಬೇಕು." ಕ್ಷಮೆ ಕೇಳಿಕೊಂಡೇ ಮಾತು ಶುರುಮಾಡುವವನ ಜೊತೆ ಹೇಗೆ ಜಗಳವಾಡುವುದು? ಮತ್ತೆ ಮತ್ತೆ ಎಣಿಸಿ ಸರಿಮಾಡುತ್ತಿದ್ದೇವೆ. ಲೆಕ್ಕವೇನೋ ಸರಿಯಾಗಿದೆ.

ನಿನ್ನೆ ಚಾಲಕನಿಗೆ ಹೇಳಿ ಊರಿಂದ ಒಂದು ಕಡ್ಡಿ ಒಣ ಇಲಿ ತರಿಸಿದೆ. ಸೀಳಿದ ಬಿದಿರಿಗೆ ಸಾಲಾಗಿ ಸಿಕ್ಕಿಸಿ, ಉಪ್ಪು ಹಾಕಿ ಹೊಗೆಯಲ್ಲಿಟ್ಟದ್ದು, ಬಾಲ ಮೀಸೆ ಸಮೇತ. ಮಧ್ಯಾಹ್ನ ಚಿಲೆಕ್ವಾನ ಎದುರಿಗೇ ಕೂತು ಒಂದೊಂದಾಗಿ ತಿಂದೆ. ತಲೆಯಿಂದ ಶುರು. ಕಟಕಟ ಸದ್ದು ಬರುವ ಹಾಗೆ. ಒಂದರ ಬಾಲ ಸ್ವಲ್ಪ ಹೊತ್ತು ತುಟಿಯಿಂದ ಹೊರಗೆ ಬಿಟ್ಟುಕೊಂಡಿದ್ದೆ.

ಅವನ ಮೂಗಿನ ಹೊಳ್ಳೆ ಅರಳಿದವು. ಏನೋ ಬಂತು, ತುಟಿಯವರೆಗೆ ಬಂತು, ನಾನು ಜಗಿಯುವುದನ್ನೇ ನಿಲ್ಲಿಸಿದೆ.

"ಊಟ ಚೆನ್ನಾಗಾಗಲಿ" ಎಂದು ಎದ್ದು ಹೋದ.

"ಇನ್ನೂ ನಾಲ್ಕಿದೆ, ತಿನ್ನು" ಎಂದಳು ಮೈಲೆಸಿ, ಪಾತ್ರೆ ತೊಳೆಯುತ್ತ. ಅವಳ ಬೆನ್ನು ಕುಲುಕುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಇಲಿ ಅಷ್ಟೇನೂ ಇಷ್ಟವಿಲ್ಲ. ಹಲ್ಲಿನ ಸಂದಿಯಲ್ಲಿ ಕೂದಲು ಸಿಕ್ಕಿಕೊಳ್ಳುತ್ತದೆ.

ಅಕ್ಟೋಬರ್ ೧೪, ಶುಕ್ರವಾರ

ದೊಡ್ಡ ತಿರುವಿನ ಮಡು. ಎದುರಿನ ಮಣ್ಣುಗೋಡೆಯ ತುಂಬ ಕೆಂಪು ಕಳ್ಳಿಪೀರಗಳ ಗೂಡು. ಸಾವಿರಾರು ಹಕ್ಕಿ ಒಮ್ಮೆಲೇ ಎದ್ದರೆ ಗೋಡೆಗೆ ಬೆಂಕಿ ಬಿದ್ದಂತೆ, ಒಮ್ಮೆಲೇ ಕೂತರೆ ಆರಿದಂತೆ. ಕೆಳಗೆ ನೀರಿನಲ್ಲಿ ಒಂದರ ಮೇಲೊಂದು ಗದ್ದ ಇಟ್ಟುಕೊಂಡು ನೀರಾನೆಗಳು. ಪ್ರತಿ ವರ್ಷ ನಮ್ಮ ದೊಡ್ಡ ಜಗಳ ಆಗುವುದು ಇಲ್ಲೇ.

"ತೊಂಬತ್ತೊಂದು" ಎಂದೆ.

"ತೊಂಬತ್ತಾರು. ತಪ್ಪಿದ್ದರೆ..."

"ತಪ್ಪೇ. ತೊಂಬತ್ತೊಂದು."

"ಆ ಬಂಡೆ ಹಿಂದೆ ಐದು ಇದಾವೆ."

"ಬಂಡೆ ಹಿಂದೆ ಇರೋದು ಬಂಡೆ."

"ಬಂಡೆ ಕಿವಿ ಆಡ್ಸುತ್ತಾ?" ಎಂದ. ದನಿ ಸ್ವಲ್ಪ ಏರಿತ್ತು. ಅವನು ಬೆರಳು ಚಾಚಿ, "ಅಲ್ಲಿ ನೋಡಿ, ಅಲ್ಲಿ! ಕಣ್ಣಿಗೆ ಏನು ಬಳ್ಕೊಂಡಿದ್ದೀರಿ? ಎಸ್ನಾತಿ ಇದ್ದಿದ್ರೆ ಹೇಳೋಳು, ಈ ಗಂಡಸಿಗೆ ಮನೇಲಿ ಇರೋ ಕೋಳಿ ನಾಲ್ಕನ್ನೂ ನೆಟ್ಟಗೆ ಎಣಿಸೋಕೆ ಬರಲ್ಲ, ಇಲಾಖೆ ಹೊಳೇನೇ ಕೊಟ್ಟಿದೆ..."

ಅಲ್ಲಿಗೆ ನಿಲ್ಲಿಸಿದ.

ಎಸ್ನಾತಿ. ಎಂಟು ತಿಂಗಳಲ್ಲಿ ನನ್ನ ಹೆಂಡತಿಯ ಹೆಸರನ್ನು ನನ್ನೆದುರಿಗೆ ಯಾರೂ ಅಂದಿರಲಿಲ್ಲ. 'ತೀರಿಕೊಂಡವರು' ಅನ್ನುತ್ತಿದ್ದರು. ನಾನೂ ಅಂದಿರಲಿಲ್ಲ.

ಅವನು ಹೊಳೆ ನೋಡುತ್ತಲೇ ಹೇಳಿದ. ನಾನೂ ಹೊಳೆ ನೋಡುತ್ತಲೇ ಕೇಳಿದೆ.

"ನಾನು ಬಂದಿದ್ದೆ. ಆ ಪ್ರವಾಹದಲ್ಲಿ ಸೇತುವೆ ಕಡೆಯಿಂದ ಸುತ್ತಿ ಎರಡು ದಿನ ನಡೆದೆ. ದಾರಿ ಉದ್ದಕ್ಕೂ ಬೈಗುಳ ಕಟ್ತಾ ಬಂದೆ. ಒಳ್ಳೊಳ್ಳೇವು ಬಂದಿದ್ವು. ನಿಮ್ಮ ಮನೆ ಹಿಂದೆ ಆ ಹುತ್ತ ಇದೆಯಲ್ಲ, ಅಲ್ಲೀವರೆಗೂ ಬಂದೆ. ಒಳಗೆ ಹೆಂಗಸರು ಹಾಡಿ ಅಳ್ತಿದ್ರು. ನನಗೂ ಶುರುವಾಯ್ತು. ನಿಲ್ಲಲೇ ಇಲ್ಲ. ಮುಖ ತೊಳ್ಕೊಂಡು ಏಳೋದು, ಮತ್ತೆ ಬರೋದು. ಅಳೋ ಬೆಂಬಾನ ಕಟ್ಕೊಂಡು ಎಂಗೋನಿ ಸಾವು ಏನು ಮಾಡುತ್ತೆ? ಅಳೋಕೆ ನಿಮ್ಮೋರೇ ಬೇಕಾದಷ್ಟು ಜನ ಇದ್ರು. ಸಂಜೆವರೆಗೆ ಹುತ್ತದ ಹಿಂದೆ ಕೂತಿದ್ದು ಹಂಗೇ ವಾಪಸ್ ಹೋದೆ."

ಹಕ್ಕಿಗಳು ಎದ್ದವು, ಕೂತವು.

"ನನ್ನನ್ನ ಎಷ್ಟೋ ಎಂಗೋನಿಗಳು ಬೈದಿದಾರೆ," ಎಂದ. "ಅವಳ ಹಾಗೆ ಯಾರೂ ಬೈದಿಲ್ಲ. ಆ ಸಲ ಕೋಳಿಸಾರು ಬಡಿಸಿ, ನಾನು ಎರಡು ಬಟ್ಟಲು ಕುಡಿದ ಮೇಲೆ, 'ಇಲಿಸಾರು ಹೇಗಿತ್ತು ಭಾವ?' ಅಂದ್ಲು. ನಾನು ಬೇಲಿ ಹತ್ರ ಹೋಗಿ ಎಲ್ಲಾ ಕಾರಿದೆ. ಆಮೇಲೆ ಕೋಳಿ ಪುಕ್ಕ ತಂದು ತೋರಿಸಿದ್ಲು."

ನನಗೆ ನೆನಪಿದೆ. ಎರಡು ದಿನ ನಕ್ಕಿದ್ದಳು. ನಡುರಾತ್ರಿ ನೆನಪಾಗಿ ಎದ್ದು ಕೂತು ನಗುತ್ತಿದ್ದಳು. ನಾನು ಇದಕ್ಕೊಂದು ಪ್ರಾಸ ಕಟ್ಟುತ್ತೇನೆ ಎಂದರೆ, "ಅದೊಂದು ಬಾಕಿ ಇತ್ತು, ಮೊದಲು ಸೌದೆ ಒಡಿ ಹೋಗು" ಎಂದಿದ್ದಳು.

ಅವಳು ಹೋದ ದಿನ ನನಗೆ ಅಳಲು ಪುರುಸೊತ್ತಿರಲಿಲ್ಲ. ಹಲಗೆ ತರಿಸಬೇಕಿತ್ತು, ಬಂದವರಿಗೆ ಹಿಟ್ಟು ಹೊಂದಿಸಬೇಕಿತ್ತು, ಮಳೆ ನಿಂತ ಹೊತ್ತು ನೋಡಿ ಗುಂಡಿ ತೆಗೆಸಬೇಕಿತ್ತು. ಅಷ್ಟೆಲ್ಲ ಆಗುವ ಹೊತ್ತಿನಲ್ಲಿ ಇವನು ಹುತ್ತದ ಹಿಂದೆ ಕೂತಿದ್ದ. ನನ್ನ ಪಾಲಿನದನ್ನೂ ಅವನೇ ಅತ್ತು ಮುಗಿಸಿದನೋ ಏನೋ.

ಸಂಜೆ ಮೈಲೆಸಿಗೆ ಹೇಳಿದೆ. ಒಲೆಯ ಕೊಳ್ಳಿ ಒಳಗೆ ತಳ್ಳಿ, "ತಡವಾದ ಕೆಲಸ ಬಿಟ್ಟ ಕೆಲಸ ಅಲ್ಲ. ಮಣ್ಣೇನು ಎಲ್ಲಿಗೂ ಓಡಿಹೋಗಿಲ್ಲ" ಎಂದಳು.

ಕೋವಿ ಒರೆಸುತ್ತಿದ್ದ ಚಿಲೆಕ್ವಾನ ಹತ್ತಿರ ಹೋಗಿ, "ಎಣಿಕೆ ಮುಗಿದ ಮೇಲೆ ನಮ್ಮೂರಿಗೆ ಬಾ. ಅವಳ ಹತ್ತಿರ ಹೋಗೋಣ" ಎಂದೆ.

ಅವನು ಒರೆಸುವ ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅಲ್ಲೂ ಅಳು ಬಂದ್ರೆ?"

"ಬಂದ್ರೆ ನಾನು ನೋಡ್ಕೋತೀನಿ."

ಏನು ನೋಡಿಕೊಳ್ಳುತ್ತೇನೋ ನನಗೂ ಗೊತ್ತಿಲ್ಲ.

ಬಂಡೆಯ ಹಿಂದೆ ಐದು ಇದ್ದವು. ತೊಂಬತ್ತಾರು ಎಂದು ಬರೆದೆ.

ಅಕ್ಟೋಬರ್ ೧೮, ಮಂಗಳವಾರ

ನಿನ್ನೆ ಎಣಿಕೆ ಮುಗಿಯಿತು. ಬೆಳಿಗ್ಗೆ ಡೇರೆ ಬಿಚ್ಚಿ ಗಾಡಿಗೆ ಹಾಕಿ, ಹತ್ತು ಗಂಟೆಗೆ ಊರು ಸೇರಿದೆವು. ಸ್ಮಶಾನ ಮೋಪಾನೆ ಮರಗಳ ನಡುವೆ. ಅಕ್ಟೋಬರಿಗೆ ಎಲೆಯೆಲ್ಲ ಉದುರಿ ನೆರಳೇ ಇರಲಿಲ್ಲ. ಎಸ್ನಾತಿಯ ಮಣ್ಣಿನ ದಿಬ್ಬ ಮಳೆಗೆ ಇಳಿದು ಈಗ ಮೊಣಕಾಲಿನೆತ್ತರ. ಮೇಲೆ ಅವಳ ನೀಲಿ ಅಂಚಿನ ತಟ್ಟೆ, ಬೇರೆ ಯಾರೂ ಒಯ್ಯದ ಹಾಗೆ ತಳ ತೂತು ಮಾಡಿ ಇಟ್ಟದ್ದು.

ಚಿಲೆಕ್ವಾ ಇಲಾಖೆಯ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದ. ಟೊಪ್ಪಿ ತೆಗೆದ. ಹಾಕಿದ. "ಎಸ್ನಾತಿ" ಎಂದ. ಟೊಪ್ಪಿ ಮತ್ತೆ ತೆಗೆದ. ನಾನು ತಟ್ಟೆ ನೋಡುತ್ತ ನಿಂತೆ.

"ಶುರು ಮಾಡಪ್ಪ, ಬಿಸಿಲೇರ್ತಿದೆ" ಎಂದಳು ಮೈಲೆಸಿ.

ಅವನು ಕೋವಿಯನ್ನು ಮರಕ್ಕೆ ಒರಗಿಸಿ ಬಂದು, ದಿಬ್ಬದ ಪಕ್ಕದಲ್ಲಿ, ಬಿಸಿ ಮಣ್ಣಿನಲ್ಲಿ, ಉದ್ದಕ್ಕೆ ಅಂಗಾತ ಮಲಗಿಬಿಟ್ಟ. ಗುಂಡಿ ತೆಗೆದ ದಿನವೇ ಅದರೊಳಗೆ ಮಲಗಿ, ಜಾಗ ನನ್ನದು ಎಂದು ಹಟ ಹಿಡಿದು ಕೋಳಿ ಕೇಳುವುದು ಚಿಂಬುಯಾದ ಪದ್ಧತಿ. ಗುಂಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಇದ್ದ ಜಾಗದಲ್ಲಿ ಮಲಗಿದ. ಕಣ್ಣು ಮುಚ್ಚಿಕೊಂಡು, ಇಡೀ ಸ್ಮಶಾನಕ್ಕೆ ಕೇಳುವಂತೆ ದನಿ ತೆಗೆದ.

"ಏಳಲ್ಲ ನಾನು! ಈ ಜಾಗ ನನ್ನದು! ಕೋಳಿ ಬರೋವರೆಗೂ ಏಳಲ್ಲ! ಏನೇ ಎಸ್ನಾತಿ, ಜೀವಮಾನವೆಲ್ಲ ಇಲಿ ತಿಂದು ತಿಂದು ಕೊನೆಗೆ ನೀನೇ ಬಿಲ ಸೇರ್ಕೊಂಡ್ಯಾ? ಒಳ್ಳೇ ಜಾಗ ಹುಡುಕಿದೆ ಬಿಡು, ಊಟ ಬಾಗಿಲಿಗೇ ನಡ್ಕೊಂಡು ಬರುತ್ತೆ. ಹೋಗೋಳು ಹೋದೆ, ಈ ನಿನ್ನ ಗಂಡನ್ನ ಯಾಕೆ ಬಿಟ್ಟು ಹೋದೆ? ಇನ್ನೂ ಪ್ರಾಸ ಹೇಳ್ತಾನೆ ಕಣೇ! ಅದನ್ನ ಕೇಳೋಕಾಗದೆ ನೀರಾನೆಗಳೆಲ್ಲ ಮುಳುಗ್ತಾವೆ, ನಾನು ಹೇಗೆ ಎಣಿಸಲಿ? ಎಷ್ಟು ತೂತು ಕೊರೆದ್ರೂ ಬೆಲ್ಟ್ ನಿಲ್ಲಲ್ಲ ಅವನಿಗೆ, ಪ್ಯಾಂಟು ಹಿಡ್ಕೊಂಡೇ ನಡೀತಾನೆ, ಒಂದು ಕೈ ಪ್ಯಾಂಟಿಗೆ, ಒಂದು ಕೈ ಲೆಕ್ಕಕ್ಕೆ..."

ನಾನು ನೋಡಿಕೊಂಡೆ. ನಿಜವಾಗಿಯೂ ನನ್ನ ಎಡಗೈ ಸೊಂಟದಲ್ಲಿತ್ತು.

ನಗು ಎಲ್ಲಿಂದ ಬಂತೋ. ಕೆಮ್ಮಿನ ಹಾಗೆ ಶುರುವಾಗಿ, ಮೂಗಿನಿಂದ ಬಂದು, ಬಾಯಿಂದ ಬಂದು, ನಿಂತಲ್ಲಿ ನಿಲ್ಲಲಾಗದೆ ದಿಬ್ಬದ ಮೇಲೆ ಕೈಯೂರಿ ಕೂತುಬಿಟ್ಟೆ. ಮಣ್ಣು ಕಾದಿತ್ತು. ಆ ಬಿಸಿ ಅಂಗೈಗೆ ತಗುಲಿದ ಮೇಲೆ ನಗು ಯಾವಾಗ ನಗುವಾಗಿ ಉಳಿಯಲಿಲ್ಲ ಎನ್ನುವುದು ತಿಳಿಯಲಿಲ್ಲ. ನಾನು ಮಾಡುತ್ತಿದ್ದ ಸದ್ದಿನ ಗುರುತು ನನಗೇ ಸಿಗಲಿಲ್ಲ. ಮೈಲೆಸಿ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

"ನೋಡೇ ಎಸ್ನಾತಿ, ನೋಡು!" ಚಿಲೆಕ್ವಾ ಮಲಗಿದಲ್ಲಿಂದಲೇ ಕೂಗಿದ. "ಅಳೋಕೂ ಎಂಟು ತಿಂಗಳು ಬೇಕಾಯ್ತು ಇವನಿಗೆ! ನಿಮ್ಮ ಜನ ಯುದ್ಧಕ್ಕೂ ಹೀಗೇ ತಾನೇ ಬಂದಿದ್ದು? ನಾವು ಗೆದ್ದು, ಉಂಡು, ಮಲಗಿ, ಎದ್ದ ಮೇಲೆ!"

ಅವನ ಕಣ್ಣು ಇನ್ನೂ ಮುಚ್ಚಿಯೇ ಇದ್ದವು. ಎರಡೂ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹರಿಯುತ್ತಿತ್ತು. ಬಾಯಿ ಮಾತ್ರ ಒಂದು ಗಳಿಗೆಯೂ ಬೈಯುವುದನ್ನು ನಿಲ್ಲಿಸಲಿಲ್ಲ.

ಮೈಲೆಸಿ ಕೋಳಿ ತರಲು ಊರೊಳಗೆ ಹೋದಳು. ಅದು ಬರುವವರೆಗೆ ಅವನು ಏಳಲಿಲ್ಲ. ನಾನೂ ಏಳಲಿಲ್ಲ.